ಆರುನೂರು ಉಸಿರು

ಬೆಳಗಿನ ಪ್ರತಿಜ್ಞೆಯ ಕೊನೆಯ ಮಾತು ಧ್ವನಿವರ್ಧಕದಲ್ಲಿ ಮುಗಿಯುತ್ತಿದ್ದಂತೆ ಬಂಡೆಗೋಡೆಯ ಮೇಲೆ ಮೊದಲ ದೀಪ ಹೊತ್ತಿಕೊಂಡಿತು. ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಣಿಸಲು ಆಗಲಿಲ್ಲ. ಎಳ್ಳಿನಷ್ಟು ಚಿಕ್ಕ ದೀಪಗಳು ಗೋಡೆಯ ತಳದಿಂದ ಮೇಲಕ್ಕೆ ಹಬ್ಬುತ್ತ ಹೋಗಿ, ಗವಿಯ ಚಾವಣಿ ಬಾಗುವಲ್ಲಿ ತಾವೂ ಬಾಗಿ, ಕೂತಿದ್ದವರ ತಲೆಯ ಮೇಲೆಲ್ಲ ಹರಡಿಕೊಂಡವು. ಕೆಳಪಟ್ಟಣದಲ್ಲಿ ಹುಟ್ಟಿ ಬೆಳೆದವರು ಆಕಾಶ ಕಂಡವರಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವಳ ಮೊಣಕೈ ತಿವಿದು, “ಚುಕ್ಕಿ ಚುಕ್ಕಿ ಅಂತಾರಲ್ಲ, ಇಂಗೇನಾ ಅವು ಇರೋದು?” ಎಂದು ಕೇಳಿದಳು. ಪಕ್ಕದವಳು ತೆರೆದ ಬಾಯಿ ಮುಚ್ಚದೆ ತಲೆಯಾಡಿಸಿದಳು. ಅವಳೂ ನೋಡಿರಲಿಲ್ಲ.

ಅದು ಸಮ್ಮತಿದರ್ಶಕ. ಪಟ್ಟಣದ ವಯಸ್ಕರೆಲ್ಲರ ಮುಂಗೈಗೆ ಒಂದೊಂದು ತೆಳುವಾದ ಕಂಕಣ ಕಟ್ಟಲಾಗಿತ್ತು. ಒಂದು ಕಟ್ಟಳೆಯನ್ನು ಕೇಳಿದಾಗ ನರಗಳಲ್ಲಿ ಏಳುವ ಸಣ್ಣ ಅಲೆಯನ್ನು ಕಂಕಣ ಓದುತ್ತಿತ್ತು. ಹೆದರಿ ತಲೆಬಾಗಿದರೆ ಅಲೆ ಒಂದು ಬಗೆ, ಮನಸ್ಸು ಒಪ್ಪಿ ತಲೆಬಾಗಿದರೆ ಇನ್ನೊಂದು ಬಗೆ. ಬಾಯಿಂದ ಸುಳ್ಳು ಹೇಳಬಹುದು, ಕೈಯೆತ್ತಿ ಸುಳ್ಳು ಹೇಳಬಹುದು. ಈ ಅಲೆಯಲ್ಲಿ ಹೇಳಲಾಗದು. ಮನಸ್ಸು ನಿಜವಾಗಿ ಒಪ್ಪಿದವರ ದೀಪ ಮಾತ್ರ ಗೋಡೆಯ ಮೇಲೆ ಹೊತ್ತುತ್ತಿತ್ತು.

ಯಂತ್ರವನ್ನು ಮಾಡಿದ ಡಾ. ಕಾತ್ಯಾಯಿನಿ ಗೋಡೆಯ ಕೆಳಗೆ ನಿಂತು ಎಣಿಕೆಯ ಫಲಕವನ್ನು ನೋಡುತ್ತಿದ್ದಳು. ಅವಳು ಭೂಮಿಯ ಮೇಲಿನವಳು. ಮೂರು ತಿಂಗಳ ಕೆಲಸಕ್ಕೆಂದು ಇಳಿದು ಬಂದಿದ್ದಳು. ಫಲಕದಲ್ಲಿ ಅಂಕಿ ಏರುತ್ತ ಹೋಗಿ ನಿಂತಿತು. ಒಂಬತ್ತು ಸಾವಿರದ ನಾನೂರ ಹನ್ನೊಂದು.

ಪಟ್ಟಣದ ವಯಸ್ಕರು ಒಂಬತ್ತು ಸಾವಿರದ ನಾನೂರ ಹನ್ನೆರಡು ಮಂದಿ.

ಆಡಳಿತ ಮಂಡಳಿಯ ಅಧ್ಯಕ್ಷ ಪಿಳ್ಳಪ್ಪ ಹತ್ತಿರ ಬಂದು ಫಲಕವನ್ನು ನೋಡಿದ. “ಯಾವನವನು ಒಬ್ಬ?” ಎಂದ.

ಒಬ್ಬನೇ ಆದರೂ ಅದು ಸಣ್ಣ ವಿಷಯವಾಗಿರಲಿಲ್ಲ. ತೊಂಬತ್ತು ವರ್ಷಗಳ ಹಿಂದೆ, ಭೂಮಿಯ ಮೇಲಿನ ಬಿಸಿಲು ತಡೆಯಲಾರದಷ್ಟು ಏರಿದಾಗ, ಕೋಲಾರದ ಕಡೆಯ ನಾನೂರು ಕುಟುಂಬಗಳು ಹಳೆಯ ಚಿನ್ನದ ಗಣಿಯೊಂದರ ಸುರಂಗಗಳಿಗೆ ಇಳಿದು ಮನೆ ಕಟ್ಟಿಕೊಂಡಿದ್ದವು. ಇಳಿದ ದಿನ ಅವರೆಲ್ಲ ಒಂದು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿದ್ದರು: ಇಲ್ಲಿನ ಗಾಳಿ ಎಲ್ಲರದು, ಅದನ್ನು ಹಂಚುವ ಕಟ್ಟಳೆಗೆ ಎಲ್ಲರೂ ಬದ್ಧರು. ಹೆಬ್ಬೆಟ್ಟು ಒತ್ತಿದವರಲ್ಲಿ ಈಗ ಒಬ್ಬರೂ ಉಳಿದಿರಲಿಲ್ಲ. ಆಮೇಲೆ ಬಂದವರು, ಇಲ್ಲೇ ಹುಟ್ಟಿದವರು, ಯಾವುದಕ್ಕೂ ರುಜು ಹಾಕಿದವರಲ್ಲ. ‘ತಾತ ಒಪ್ಪಿದ್ದಕ್ಕೆ ನಾನು ಯಾಕೆ ಬದ್ಧ?’ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಆದ್ದರಿಂದ ಮೇಲಿನ ಸರ್ಕಾರ ಸ್ವಯಮಾಡಳಿತದ ಸನ್ನದು ಕೊಡುವ ಮೊದಲು ಎರಡು ಷರತ್ತು ಹಾಕಿತ್ತು. ಮೊದಲ ಸಲ ಒಬ್ಬರೂ ಬಿಡದೆ ಎಲ್ಲರೂ ಒಪ್ಪಬೇಕು. ಆಮೇಲೆ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪುತ್ತಿರುವ ತನಕ ಮಂಡಳಿ ಇರಬಹುದು. ಅದಕ್ಕಿಂತ ಕೆಳಗೆ ಇಳಿದ ದಿನ ಮಂಡಳಿ ತಾನಾಗಿ ರದ್ದು.

ಕಾತ್ಯಾಯಿನಿ ಹೊತ್ತದ ದೀಪದ ಸಂಖ್ಯೆಯನ್ನು ಹುಡುಕಿದಳು. ಹೆಸರು ಬಂತು: ಸೊಣ್ಣಮ್ಮ, ಗಾಳಿಗಂಟಿ.

ಪಿಳ್ಳಪ್ಪ ನಕ್ಕುಬಿಟ್ಟ. “ನಿಮ್ಮ ಯಂತ್ರ ಕೆಟ್ಟಿದೆ ಮೇಡಮ್. ಗಾಳಿ ಹಂಚೋ ಕಟ್ಟಳೆ ನಡೆಸೋಳೇ ಅವಳು. ಅವಳು ಒಪ್ಪಲ್ಲ ಅಂದ್ರೆ?”

* * *

ಚಕ್ರದ ಗವಿಗೆ ಬಾಗಿಲಿರಲಿಲ್ಲ. ಕಾತ್ಯಾಯಿನಿ ಒಳಗೆ ಹೋದಾಗ ಐವತ್ತೆಂಟರ ಹೆಂಗಸೊಬ್ಬಳು ಎತ್ತರದ ಕಬ್ಬಿಣದ ಚಕ್ರದ ಎದುರು ಕಣ್ಣುಮುಚ್ಚಿ ಕೂತಿದ್ದಳು. ಹೆಜ್ಜೆಯ ಸದ್ದಿಗೆ ಕಣ್ಣು ತೆರೆಯದೆ ಒಂದು ಕೈ ಎತ್ತಿದಳು: ಮಾತು ಬೇಡ. ಅವಳ ಎದೆ ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು ಎದ್ದು ಚಕ್ರವನ್ನು ಒಂದು ಹಲ್ಲಿನಷ್ಟು ತಿರುಗಿಸಿದಳು. ಬಂಡೆಯ ಒಳಗೆಲ್ಲೋ ಗಾಳಿ ಒಂದು ದಾರಿ ಬಿಟ್ಟು ಇನ್ನೊಂದು ಹಿಡಿದ ಸದ್ದು, ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸಿದಂತೆ, ಕಾತ್ಯಾಯಿನಿಯ ಅಂಗಾಲಿನ ತನಕ ಬಂತು.

“ನಾಕನೇದು ಮುಗೀತು. ಐದನೇದಕ್ಕೆ ಬಿಟ್ಟೆ,” ಎಂದಳು ಸೊಣ್ಣಮ್ಮ. “ಈಗ ಹೇಳಿ ಡಾಕ್ಟ್ರಮ್ಮ. ಮೆತ್ತಗೆ ಹೇಳಿ. ಎಣಿಕೆ ಒಳಗೇ ಓಡ್ತಿರ್ತದೆ, ಮೊದಲ ನೂರು ತಪ್ಪಾಕಿಲ್ಲ.”

ಕೆಳಪಟ್ಟಣದ ಬದುಕೆಲ್ಲ ಆ ಚಕ್ರದ ಮೇಲೆ ನಿಂತಿತ್ತು. ಮೇಲಿನಿಂದ ಒಂದೇ ಬಾವಿಯಲ್ಲಿ ಗಾಳಿ ಇಳಿಯುತ್ತಿತ್ತು. ಹನ್ನೊಂದು ಸುರಂಗಗಳಿಗೂ ಅದು ಸಣ್ಣಗೆ ಸದಾ ಹರಿಯುತ್ತಿದ್ದರೂ, ಒಲೆ ಹಚ್ಚಲು, ಹೊಗೆ ಹೊರಹಾಕಲು, ಎದೆ ತುಂಬ ಉಸಿರಾಡಲು ದೊಡ್ಡಗಾಳಿ ಬೇಕಿತ್ತು. ದೊಡ್ಡಗಾಳಿ ಒಂದು ಸಲಕ್ಕೆ ಒಂದೇ ಸುರಂಗಕ್ಕೆ. ಪ್ರತಿ ಸುರಂಗಕ್ಕೆ ದಿನಕ್ಕೊಮ್ಮೆ ಆರುನೂರು ಉಸಿರಿನಷ್ಟು ಹೊತ್ತು. ಯಾರ ಉಸಿರು? ಗಾಳಿಗಂಟಿಯ ಉಸಿರು.

“ಗಡಿಯಾರ ಇಟ್ಟುಕೊಳ್ಳಬಹುದಲ್ಲ?” ಎಂದು ಕೇಳಿದಳು ಕಾತ್ಯಾಯಿನಿ. “ಅಥವಾ ತಾನೇ ತಿರುಗುವ ಯಂತ್ರ?”

“ಗಡಿಯಾರ ಇತ್ತಂತೆ. ಒಂದೊಂದು ಸುರಂಗದ್ದು ಒಂದೊಂದು ಹೊತ್ತು ತೋರಿಸ್ತಿತ್ತಂತೆ. ಯಂತ್ರಾನೂ ಇತ್ತಂತೆ. ಅದಕ್ಕೆ ಲೆಕ್ಕ ಹೇಳ್ಕೊಟ್ಟೋನು ಮೂರನೇ ಸುರಂಗದೋನು ಅಂತ ಎಂಟನೇದೋರು ಬಂದು ಒಡೆದಾಕಿದ್ರಂತೆ.” ಸೊಣ್ಣಮ್ಮನ ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. “ಆವಾಗ ಹಿರೀಕರಿಗೆ ಮೇಲಿನ ಕೆರೆ ನೆಪ್ಪಾಯ್ತು. ಅಲ್ಲಿ ನೀರುಗಂಟಿ ಇರ್ತಿದ್ನಲ್ಲ, ಕೆರೆ ನೀರು ಗದ್ದೆಗೆ ಬಿಡೋನು. ಆ ಕೆರೆ ಕೆಳಗೆ ಅವನಿಗೆ ಒಂದು ಗುಂಟೆ ಗದ್ದೇನೂ ಇರಬಾರ್ದು. ಇದ್ರೆ ಅವನ ಕೈ ಆ ಕಡೆ ವಾಲ್ತದೆ ಅಂತ. ಇಲ್ಲೂ ಅಂಗೇ ಮಾಡಿದ್ರು. ಗಾಳಿ ಬಿಡೋರಿಗೆ ಯಾವ ಸುರಂಗದಾಗೂ ಬಾಗಿಲು ಇರಬಾರ್ದು. ನಮ್ಮವ್ವ ಮಾಡಿದ್ಲು. ಆಮೇಲೆ ನಾನು. ಮೂವತ್ತು ವರ್ಷ ಆಯ್ತು.”

ಗವಿಯ ಬಾಯಲ್ಲಿ ಮುಚ್ಚಿಟ್ಟ ತಟ್ಟೆಯೊಂದಿತ್ತು. ದಿನಕ್ಕೊಂದು ಸುರಂಗದಿಂದ ಸರದಿಯಂತೆ ಊಟ ಬರುತ್ತಿತ್ತು. ತಂದವರು ಅಲ್ಲಿಟ್ಟು, ಕೈಮುಗಿದು ಹೋಗುತ್ತಿದ್ದರು. ಒಂದೇ ಸುರಂಗದ ಅನ್ನ ಎರಡು ದಿನ ಉಂಡರೆ ಉಳಿದವರ ಮನಸ್ಸು ಕೆಡುತ್ತಿತ್ತು. ಯಾರ ಮನೆಯೊಳಗೂ ಅವಳು ಕಾಲಿಡುವಂತಿರಲಿಲ್ಲ, ನೀರೂ ಕುಡಿಯುವಂತಿರಲಿಲ್ಲ.

“ನಿಮಗೆ ಇಲ್ಲಿನ ಕಟ್ಟಳೆ ಒಪ್ಪಿಗೆಯಿಲ್ಲವೇ?” ಕಾತ್ಯಾಯಿನಿ ಕೇಳಿದಳು. “ಎಲ್ಲರ ದೀಪವೂ ಹೊತ್ತಿದೆ. ನಿಮ್ಮದೊಂದು ಇಲ್ಲ.”

ಸೊಣ್ಣಮ್ಮ ತನ್ನ ಕಂಕಣವನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಕದ್ದದ್ದು ಸಿಕ್ಕಿಬಿದ್ದಂತೆ ಅವಳ ಮುಖ ಸಣ್ಣದಾಯಿತು. “ನಾನೇನೂ ಕೆಟ್ಟದ್ದು ಎಣಿಸಿಲ್ಲ ತಾಯಿ. ಒಂದು ಉಸಿರೂ ಅತ್ತಿತ್ತ ಮಾಡಿಲ್ಲ. ಆದ್ರೆ ನನ್ನ ಯಾರು ಕೇಳಿದ್ರು? ಅವ್ವ ಸತ್ತ ದಿನ ಚಕ್ರ ನಿಲ್ಲಬಾರ್ದು ಅಂತ ಕೂರಿಸಿದ್ರು. ಕೂತೆ.” ಧ್ವನಿ ಇನ್ನೂ ತಗ್ಗಿಸಿದಳು. “ನನ್ನ ಮಗಳನ್ನ ಇದಕ್ಕೆ ಕೂರಿಸಬಾರ್ದು ಅಂತ ಐದನೇ ಸುರಂಗಕ್ಕೆ ಕೊಟ್ಟೆ. ಎಂಟನೇದೋರು ತಿಂಗಳುಗಟ್ಲೆ ಮುಖ ಊದಿಸ್ಕೊಂಡಿದ್ರು. ನೀಲಾವತಿಗೆ ಹೆಣ್ಣುಮಗು ಆಗಿ ನಲವತ್ತು ದಿನ. ಒಂದು ಸಲ ಇಲ್ಲಿಗೆ ಎತ್ಕೊಂಡು ಬಂದು ತೋರಿಸಿದ್ಲು. ಬಾಣಂತಿ ಮಗಳು ತನ್ನ ಮನೆ ಬಾಗಿಲಾಚೆ, ನಾನು ಈಚೆ. ಅವಳಿಗೆ ಒಂದು ದಿನಾನೂ ನೀರು ಹಾಕಲಿಲ್ಲ ನಾನು.”

“ಆದರೆ ಜನ ನಿಮ್ಮನ್ನು ಎಷ್ಟೊಂದು ಗೌರವದಿಂದ...”

“ಗೌರವ ಅಂತಾರೆ,” ಎಂದಳು ಸೊಣ್ಣಮ್ಮ. “ಆ ಗೌರವಕ್ಕೆ ನನ್ನ ಬಾಗಿಲ ಒಳಗೆ ಕರೆಯೋಕೆ ಆಗಲ್ವಂತಾ?”

ಆಮೇಲೆ ಮತ್ತೆ ಕೈ ಎತ್ತಿದಳು. ನೂರು ಮುಗಿದಿತ್ತು.

ಕಾತ್ಯಾಯಿನಿ ಹೊರಗೆ ಬಂದು ಸುರಂಗದ ಗೋಡೆಗೆ ಒರಗಿ ನಿಂತಳು. ಒಂಬತ್ತು ಸಾವಿರ ಮಂದಿಯ ಒಲೆ, ನಿದ್ದೆ, ಕೆಮ್ಮು, ಜಗಳ, ಮದುವೆ, ಎಲ್ಲವೂ ಒಬ್ಬ ಹೆಂಗಸಿನ ಎದೆಯ ಏರಿಳಿತಕ್ಕೆ ಹೊಂದಿಕೊಂಡು ಮೂವತ್ತು ವರ್ಷ ನಡೆದಿತ್ತು. ಅವರೆಲ್ಲರೂ ಒಪ್ಪಿದ್ದರು. ಒಪ್ಪದೆ ಉಳಿದವಳು ಇವಳೊಬ್ಬಳೇ.

* * *

ಮಂಡಳಿ ಬೇಗ ತೀರ್ಮಾನ ಮಾಡಿತು. ಸನ್ನದು ಬೇಕಾದರೆ ಸೊಣ್ಣಮ್ಮನ ದೀಪ ಹೊತ್ತಬೇಕು. ಹೊತ್ತಬೇಕಾದರೆ ಅವಳಿಗೊಂದು ಮನೆ ಕೊಡಬೇಕು. ಅಷ್ಟೇ ತಾನೆ? “ಐದನೇ ಸುರಂಗದಾಗೆ ಮಗಳ ಪಕ್ಕದ ಮನೆ ಖಾಲಿ ಇದೆ. ಕೊಟ್ರಾಯ್ತು,” ಎಂದ ಪಿಳ್ಳಪ್ಪ. ಹಳೆಯ ಪದ್ಧತಿಯ ನೆನಪು ಯಾರಿಗೂ ಬರಲಿಲ್ಲ ಎಂದಲ್ಲ. ನೆನಪು ಬಂದವರು ಎದುರಿಗಿದ್ದ ಗೋಡೆಯನ್ನು ನೋಡಿ ಸುಮ್ಮನಾದರು. ಅಷ್ಟು ಬೆಳಕಿನ ನಡುವೆ ಒಂದು ಕಪ್ಪು ಚುಕ್ಕೆ ಅವರಿಗೆ ಸಹಿಸಲಾಗಲಿಲ್ಲ.

ಮರುದಿನ ಬೆಳಗಿನ ಪ್ರತಿಜ್ಞೆಯ ಹೊತ್ತಿಗೆ ಸೊಣ್ಣಮ್ಮ ತನ್ನದೇ ಬಾಗಿಲ ಹೊಸ್ತಿಲ ಮೇಲೆ, ಮೊಮ್ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಮಗು ಅವಳ ಕಂಕಣಕ್ಕೆ ಬಾಯಿಟ್ಟು ಜೊಲ್ಲು ಸುರಿಸುತ್ತಿತ್ತು. ದೀಪದ ಗೋಡೆಯ ಗವಿಯಲ್ಲಿ ಅಂಕಿ ಒಂಬತ್ತು ಸಾವಿರದ ನಾನೂರ ಹನ್ನೆರಡಕ್ಕೆ ಮುಟ್ಟಿದಾಗ ಯಾರೂ ಕೂಗಲಿಲ್ಲ. ಚಪ್ಪಾಳೆ ತಟ್ಟಲಿಲ್ಲ. ಹಾಗೆ ಮಾಡಬೇಕೆಂದು ಮೊದಲೇ ಹೇಳಿಕೊಟ್ಟಿದ್ದರೂ ಜನ ತಲೆಯೆತ್ತಿ ಕೂತೇ ಇದ್ದರು. ಇಷ್ಟು ಮಂದಿ, ಒಬ್ಬರ ಮುಖ ಒಬ್ಬರು ನೋಡದವರೂ ಸೇರಿ, ಒಂದೇ ಕ್ಷಣದಲ್ಲಿ ಒಂದೇ ಮಾತಿಗೆ ಹೌದೆಂದಿದ್ದರು. ಅದು ಕಣ್ಣಿಗೆ ಕಾಣುತ್ತಿತ್ತು. ಸನ್ನದಿಗೆ ಮುದ್ರೆ ಬಿತ್ತು.

ಮೂರನೆಯ ದಿನ ಅಂಕಿ ಎಂಟು ಸಾವಿರದ ಏಳುನೂರಕ್ಕೆ ಇಳಿಯಿತು.

ಕಾತ್ಯಾಯಿನಿ ತಂತಿಗಳನ್ನು ಪರೀಕ್ಷಿಸಿದಳು. ಎಲ್ಲ ಸರಿಯಾಗಿತ್ತು. ನಾಲ್ಕನೆಯ ದಿನ ಆರು ಸಾವಿರ ಚಿಲ್ಲರೆ. ಎಂಟನೆಯ ಸುರಂಗದ ದೀಪಗಳಿದ್ದ ಭಾಗವಂತೂ ಪೂರ್ತಿ ಕಪ್ಪಾಗಿ, ಗೋಡೆಯಲ್ಲಿ ಬಾಯಿ ತೆರೆದಂತೆ ಕಾಣುತ್ತಿತ್ತು. ಅವಳು ಗಾಳಿ ಅಳೆಯುವ ಉಪಕರಣ ಹಿಡಿದು ಹನ್ನೊಂದು ಸುರಂಗಗಳಿಗೂ ಹೋದಳು. ಸೊಣ್ಣಮ್ಮ ದಿನವೂ ಮನೆಯಿಂದ ಹೊತ್ತಿಗೆ ಮುಂಚೆಯೇ ಹೊರಟು, ಚಕ್ರದ ಎದುರು ಕೂತು, ಆರುನೂರು ಉಸಿರನ್ನು ಎಂದಿನಂತೆಯೇ ಎಣಿಸುತ್ತಿದ್ದಳು. ಗಾಳಿಯಲ್ಲಿ ಒಂದು ಬೊಗಸೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ದೀಪಗಳು ಆರುತ್ತಿದ್ದವು. ಅವು ಆರುವುದನ್ನು ನೋಡುವುದು ಹೊತ್ತುವುದನ್ನು ನೋಡಿದ್ದಕ್ಕಿಂತ ಭಯಂಕರವಾಗಿತ್ತು, ಸದ್ದೇ ಇರಲಿಲ್ಲ.

ಆರನೆಯ ದಿನ ಅಂಕಿ ಮೂರು ಸಾವಿರದ ಒಂಬೈನೂರು. ಸನ್ನದಿನ ಷರತ್ತಿನಂತೆ ಆ ಬೆಳಿಗ್ಗೆ ಕೆಳಪಟ್ಟಣದ ಆಡಳಿತ ಮಂಡಳಿ ರದ್ದಾಯಿತು. ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅಲ್ಲಿ ಸರ್ಕಾರವಿರಲಿಲ್ಲ.

* * *

ಜನ ದೀಪದ ಗೋಡೆಯ ಗವಿಯಲ್ಲಿ ಸೇರಿದರು. ಜಾಗ ಸಾಲದೆ ಸುರಂಗಗಳ ಬಾಯಿಯ ತನಕ ನಿಂತರು. ಕಾತ್ಯಾಯಿನಿ ತನ್ನ ಅಳತೆಗಳನ್ನು ಓದಿ ಹೇಳಿದಳು. “ಯಾರ ಗಾಳಿಯೂ ಕಡಿಮೆಯಾಗಿಲ್ಲ. ಇದು ನಿಮ್ಮ ಭ್ರಮೆ.”

ಎಂಟನೆಯ ಸುರಂಗದ ಚೆಂಗಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದವಳು, ತಟ್ಟನೆ ಹೇಳಿದಳು: “ಕಮ್ಮಿ ಆಗಿದೆ ಅಂತ ಯಾರು ಅಂದ್ರು ಡಾಕ್ಟ್ರಮ್ಮ? ಆಗಿಲ್ಲ. ನಮಗೂ ಗೊತ್ತು. ಆದ್ರೆ ಮೊದಲು ಒಂದಿನ ಉಸಿರು ಕಟ್ಟಿದಂಗಾದ್ರೆ, ನಮ್ಮ ಎದೇನೇ ಸರಿಯಿಲ್ಲ ಅಂದ್ಕೊಂತಿದ್ವಿ. ಈಗ ಐದನೇ ಸುರಂಗದ ಕಡೆ ನೋಡಂಗಾಗ್ತದೆ. ಸೊಣ್ಣಕ್ಕನ ಮೇಲೆ ಅನುಮಾನ ಅಲ್ಲ. ಅವಳ ಬಾಗಿಲ ಮೇಲೆ.”

ಕಾತ್ಯಾಯಿನಿ ಕೈಯಲ್ಲಿದ್ದ ಅಳತೆಯ ಹಾಳೆಯನ್ನು ಮಡಚಿದಳು. ಸರ್ಕಾರದ ಬಲಕ್ಕೆ, ಶಿಕ್ಷೆಯ ಭಯಕ್ಕೆ, ತಾತಂದಿರ ಹೆಬ್ಬೆಟ್ಟಿಗೆ ಜನ ತಲೆಬಾಗುತ್ತಾರೆಂದು ಅವಳು ಓದಿದ್ದಳು. ಇಲ್ಲಿ ಹಾಗಿರಲಿಲ್ಲ. ಹಂಚುವವಳಿಗೆ ಹಂಚಿದ್ದರಲ್ಲಿ ಪಾಲಿಲ್ಲ ಎಂಬ ಒಂದೇ ಕಾರಣಕ್ಕೆ ಒಂದು ಪಟ್ಟಣ ಎರಡು ತಲೆಮಾರು ತಲೆಬಾಗಿತ್ತು.

ಎಲ್ಲರ ಕಣ್ಣು ನಿಧಾನವಾಗಿ ಸೊಣ್ಣಮ್ಮನ ಕಡೆ ತಿರುಗಿತು. ಅವಳು ಮಗಳ ಪಕ್ಕದಲ್ಲಿ ನಿಂತಿದ್ದಳು; ಮಗು ಅವಳ ಹೆಗಲ ಮೇಲೆ ಮಲಗಿತ್ತು. ಅವರಿಗೆ ಬೇಕಾಗಿದ್ದದ್ದು ಏನೆಂದು ಅವಳಿಗೆ ಗೊತ್ತಿತ್ತು. ನೀಲಾವತಿ ತಾಯಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಸೊಣ್ಣಮ್ಮ,” ಎಂದು ಪಿಳ್ಳಪ್ಪ ಗಂಟಲು ಸರಿಮಾಡಿಕೊಂಡ. “ನೀನು ಮತ್ತೆ ಚಕ್ರದ ಗವಿಗೇ...”

“ಕೇಳ್ತಿದೀಯೋ ಹೇಳ್ತಿದೀಯೋ, ಪಿಳ್ಳಪ್ಪಣ್ಣ?”

ಹೇಳುವ ಅಧಿಕಾರ ಪಿಳ್ಳಪ್ಪನಿಗೆ ಆ ಬೆಳಿಗ್ಗೆಯೇ ಹೋಗಿತ್ತು. “ಕೇಳ್ತಾ ಇದೀನಿ,” ಎಂದ.

“ಕೇಳಿದ್ರೆ, ಆಗಲ್ಲ.”

ಅವಳು ಅದನ್ನು ಜೋರಾಗಿ ಹೇಳಲಿಲ್ಲ. ಆದರೂ ಗವಿಯ ಹಿಂದಿನ ಸಾಲಿನ ತನಕ ಕೇಳಿಸಿತು. ಗಾಳಿಗಂಟಿಯೊಬ್ಬಳು ಇಲ್ಲ ಎಂದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಸಾವಿರಾರು ಮಂದಿ ಒಬ್ಬಳ ಮುಂದೆ ನಿಂತಿದ್ದರು. ಅವರೆಲ್ಲರ ಉಸಿರು ಅವಳ ಕೈಯಲ್ಲಿತ್ತು. ಅವಳನ್ನು ಎಳೆದುಕೊಂಡು ಹೋಗಲು ನಾಲ್ಕು ಜನ ಸಾಕಿತ್ತು. ಒಬ್ಬರೂ ಕದಲಲಿಲ್ಲ. ಸರ್ಕಾರವಿಲ್ಲದ ಆ ಗಳಿಗೆಯಲ್ಲಿ, ಯಾರೂ ಹೇಳಿಕೊಡದೆ, ಅವರು ಒಬ್ಬಳ ಇಲ್ಲವನ್ನು ಒಪ್ಪಿಕೊಂಡಿದ್ದರು.

ಆಮೇಲೆ ಯಾರೋ ಹಿಂದಿನಿಂದ, “ಡಾಕ್ಟ್ರಮ್ಮಂಗೂ ಇಲ್ಲಿ ಬಾಗಿಲಿಲ್ಲವಲ್ಲ?” ಎಂದರು.

ಆ ಕಣ್ಣುಗಳೆಲ್ಲ ಈಗ ಅವಳ ಮೇಲೆ ಬಂದವು. ಅವು ಗದರಿಸುತ್ತಿರಲಿಲ್ಲ. ಬಹಳ ಮೆದುವಾಗಿ, ನಂಬಿಕೆಯಿಂದ ನೋಡುತ್ತಿದ್ದವು. ಆ ಮೆದುತನದಲ್ಲಿ ಎಷ್ಟು ಭಾರವಿತ್ತೆಂದರೆ ಕಾತ್ಯಾಯಿನಿ ಚಕ್ರದ ಗವಿಯ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟಳು. ನಾಡಿದ್ದು ಮೇಲೆ ಹೋಗಬೇಕಾದ ಲಿಫ್ಟು, ತನ್ನ ಊರು, ಕಿಟಕಿ, ಎಲ್ಲವೂ ದೂರದ ಮಾತಾಗಿ ಕಂಡವು.

“ನೋಡಿದ್ರಾ ತಾಯಿ,” ಎಂದಳು ಸೊಣ್ಣಮ್ಮ ಅವಳ ಕಿವಿಯ ಹತ್ತಿರ ಬಂದು. “ಇಂಗೇ ಕೂರಿಸೋದು.” ಮತ್ತೆ ಜನರ ಕಡೆ ತಿರುಗಿದಳು. ಜನರ ಎದುರು ಅವಳು ಇಷ್ಟು ಮಾತಾಡಿದ್ದು ಅದೇ ಮೊದಲು. “ಬಾಗಿಲಿಲ್ಲದೋರ್ನ ಯಾಕೆ ಹುಡುಕ್ತೀರಾ? ಬಾಗಿಲು ಇರೋರೇ ಒಬ್ರು ಬಿಟ್ಟು ಬನ್ನಿ. ಒಂದು ವರ್ಷ. ಮುಂದಿನ ವರ್ಷ ಇನ್ನೊಂದು ಸುರಂಗದೋರು. ಎಣಿಸೋದು ನಾನು ಹೇಳ್ಕೊಡ್ತೀನಿ.”

“ಯಾವ ಸುರಂಗ ಮೊದಲು?” ಎಂದಳು ಚೆಂಗಮ್ಮ.

“ಒಂದನೇದು ಅನ್ನೋದು ಯಾಕಿರೋದು ಮತ್ತೆ?” ಎಂದು ಒಂದು ಹೆಣ್ಣುಧ್ವನಿ ಬಂತು. ಅದು ಒಂದನೆಯ ಸುರಂಗದಲ್ಲೇ ಇದ್ದ ಪಿಳ್ಳಪ್ಪನ ಹೆಂಡತಿ ಅಕ್ಕಯ್ಯಮ್ಮ. “ನೀವೇ ಹೋಗ್ರೀ. ಅಧ್ಯಕ್ಷಗಿರಿ ಹೋಯ್ತಲ್ಲ, ಮನೇಲಿ ಕೂತು ನನ್ನ ತಲೆ ತಿಂತೀರ. ವರ್ಷ ನಿಮ್ಮ ಗೊರಕೆ ಇಲ್ಲದೆ ನಾನೂ ಮಲಗ್ತೀನಿ.”

ನಗು ಹನ್ನೊಂದು ಸುರಂಗಗಳಿಗೂ ಹರಿಯಿತು. ಪಿಳ್ಳಪ್ಪನೂ ನಗಲು ಹೋದ, ಆಗಲಿಲ್ಲ. ಹೆಂಡತಿ ನಗುತ್ತಿದ್ದಳು, ಆದರೆ ಅವಳ ಕಣ್ಣು ತುಂಬಿತ್ತು. ವರ್ಷಪೂರ್ತಿ ಅವಳ ಕೈಯ ಊಟ ಹನ್ನೊಂದು ದಿನಕ್ಕೊಮ್ಮೆ, ಅದೂ ಚಕ್ರದ ಗವಿಯ ಬಾಯಲ್ಲಿ. ಅವನು ಮನೆಗೆ ಹೋಗಿ, ಕದವನ್ನು ಕೀಲಿನಿಂದ ಎತ್ತಿ, ತಾನೇ ಹೆಗಲ ಮೇಲೆ ಹೊತ್ತು ತಂದು ಎಲ್ಲರೆದುರು ಇಟ್ಟ. ಮಾತು ಬಲ್ಲ ಮನುಷ್ಯ. ಏನೋ ಹೇಳಬೇಕೆಂದು ಬಾಯಿ ತೆರೆದ. ಸೊಣ್ಣಮ್ಮ ಕೈ ಎತ್ತಿದಳು.

“ಮೊದಲನೇ ಪಾಠ ಅದೇ ಅಣ್ಣ. ಮಾತು ಬ್ಯಾಡ.”

* * *

ಎಂಟು ದಿನ ಅವಳು ಅವನ ಪಕ್ಕ ಕೂತು ಕಲಿಸಿದಳು. ಒಂಬತ್ತನೆಯ ದಿನ ಪಿಳ್ಳಪ್ಪ ಒಬ್ಬನೇ ಚಕ್ರದ ಎದುರು ಕೂತ. ಮೇಲೆ ಹೋಗುವ ದಿನವನ್ನು ಎರಡು ಸಲ ಮುಂದೆ ಹಾಕಿದ್ದ ಕಾತ್ಯಾಯಿನಿ ಅಂದು ಐದನೆಯ ಸುರಂಗದಲ್ಲಿ ಸೊಣ್ಣಮ್ಮನ ಹೊಸ್ತಿಲ ಮೇಲೆ ಕೂತಿದ್ದಳು.

ನಾಲ್ಕನೆಯ ಸುರಂಗದ ಹೊತ್ತು ಮುಗಿಯುತ್ತ ಬಂದಿತ್ತು. ಐದನೆಯ ಸುರಂಗದುದ್ದಕ್ಕೂ ಹೆಂಗಸರು ಹಚ್ಚದ ಒಲೆಗಳ ಮೇಲೆ ಎಸರಿನ ಪಾತ್ರೆ ಇಟ್ಟು, ಬಾಗಿಲುಗಳಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಸೊಣ್ಣಮ್ಮ ಗಾಳಿಯ ಕೊಳವೆಯ ಕೆಳಗೆ, ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಎದೆ ತಾನಾಗಿ ಎಣಿಸುತ್ತಿತ್ತು. ಐನೂರ ತೊಂಬತ್ತೆಂಟು. ಐನೂರ ತೊಂಬತ್ತೊಂಬತ್ತು. ಆರುನೂರು.

ಗಾಳಿ ಬರಲಿಲ್ಲ.

ಆರುನೂರ ಹತ್ತು. ಆರುನೂರ ಇಪ್ಪತ್ತು. ಅವಳ ಬಲಗೈ ಚಕ್ರದ ಹಿಡಿಯನ್ನು ಹುಡುಕುವಂತೆ ಗಾಳಿಯಲ್ಲಿ ಆಡಿತು. “ಎಣಿಕೆ ತಪ್ಪಿಸಿದ ಅಂತ ಕಾಣ್ತದೆ,” ಎಂದು ಅವಳು ಮಗುವನ್ನು ಕಾತ್ಯಾಯಿನಿಯ ಕೈಗೆ ಕೊಡಲು ಬಂದಳು. “ನಾನು ಓಡಿಹೋಗಿ ನೋಡ್ಕೊಂಡು...”

ಎದುರು ಮನೆಯ ಮುದುಕಿ ರಾಮಕ್ಕ ಸೊಪ್ಪಿನಿಂದ ತಲೆಯೆತ್ತಲಿಲ್ಲ. “ಎಲ್ಲಿಗೆ ಹೊರಟೆ ಸೊಣ್ಣಿ? ಬರ್ತದೆ, ಕುಂತ್ಕ.”

“ಬರ್ತದೆ ಅಂತ ನಿನಗೆಂಗೆ ಗೊತ್ತು?”

“ಗೊತ್ತಾಗೋದೇನು ಬಂತು?” ಎಂದಳು ರಾಮಕ್ಕ, ಒಂದು ದಂಟನ್ನು ಮುರಿದು ಬುಟ್ಟಿಗೆ ಹಾಕುತ್ತ. “ಮೂವತ್ತು ವರ್ಷ ನೀನು ಎಣಿಸಿದೆ. ನಾನೇನು ಒಂದಿನ ಆದ್ರೂ ಬಂದು ನೋಡಿದೀನಾ?”

ಸೊಣ್ಣಮ್ಮ ಹಾಗೆಯೇ ನಿಂತಳು. ಸುರಂಗದ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಬಾಗಿಲು ಬಾಗಿಲಲ್ಲಿ ಹೆಂಗಸರು ಕೂತಿದ್ದರು. ಯಾರೂ ಕೊಳವೆಯ ಕಡೆ ನೋಡುತ್ತಿರಲಿಲ್ಲ. ಒಬ್ಬಳು ಮಗಳ ತಲೆ ಬಾಚುತ್ತಿದ್ದಳು. ಇನ್ನೊಬ್ಬಳು ಬೆಂಕಿಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಇಷ್ಟು ವರ್ಷ, ಇಲ್ಲಿ, ದಿನದಿನವೂ, ತನ್ನ ಎಣಿಕೆ ನಂಬಿ ಇವರು ಹೀಗೆ ಕೂತಿದ್ದರು.

ಕೊಳವೆ ಇನ್ನೂ ಸುಮ್ಮನಿತ್ತು. ಸೊಣ್ಣಮ್ಮ ರಾಮಕ್ಕನ ಪಕ್ಕ ಜಾಗ ಮಾಡಿಕೊಂಡು ಕೂತಳು.